ಮಗುವೇ ಒಪ್ಪಿದ್ದರೆ ಕಳ್ಳಸಾಗಣೆಯಾಗುವುದಿಲ್ಲವೇ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಪರಿಚಯವಾದ ವ್ಯಕ್ತಿ ಕೆಲಸ ಕೊಡಿಸುವುದಾಗಿ ಹೇಳಿದ್ದನ್ನು ನಂಬಿ, ಹದಿನಾರರ ಹುಡುಗಿಯೊಬ್ಬಳು ತಾನಾಗಿಯೇ ಫೋಟೊಗಳನ್ನು ಕಳುಹಿಸಿ ಹೊರಡಲು ಸಿದ್ಧಳಾದಳು. ಯಾರೂ ಬಲವಂತ ಮಾಡಿಲ್ಲ. ಇದನ್ನು ಮಾನವ ಕಳ್ಳಸಾಗಣೆ ಎನ್ನಬಹುದೇ?

ಉತ್ತರ: ಆ ವ್ಯಕ್ತಿಯ ಉದ್ದೇಶ ಶೋಷಣೆಯಾಗಿದ್ದರೆ ಖಂಡಿತ ಎನ್ನಬಹುದು. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಮಾನವ ಕಳ್ಳಸಾಗಣೆ ತಡೆಯುವ ಒಪ್ಪಂದವಾದ ಪಲೆರ್ಮೊ ಪ್ರೋಟೊಕಾಲ್ ಪ್ರಕಾರ, ವಯಸ್ಕರ ವಿಷಯದಲ್ಲಿ ಬೆದರಿಕೆ, ವಂಚನೆ, ಅಧಿಕಾರದ ದುರುಪಯೋಗದಂತಹ ಮಾರ್ಗವೊಂದನ್ನು ಬಳಸಿದ್ದು ಸಾಬೀತಾಗಬೇಕು. ಆದರೆ 18 ವರ್ಷ ತುಂಬದವರ ವಿಷಯದಲ್ಲಿ ಅದು ಬೇಕಿಲ್ಲ. ಶೋಷಿಸುವ ಸಲುವಾಗಿ ಮಗುವನ್ನು ನೇಮಿಸಿಕೊಂಡರೆ, ಸಾಗಿಸಿದರೆ ಅಥವಾ ಆಶ್ರಯ ಕೊಟ್ಟು ಇರಿಸಿಕೊಂಡರೆ ಅಷ್ಟೇ ಸಾಕು, ಮಗು ಒಪ್ಪಿತ್ತೆಂಬ ವಾದ ನಿಲ್ಲುವುದಿಲ್ಲ. ‘ಸಾಗಣೆ’ ಎಂಬ ನಮ್ಮ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ: ರಾತ್ರೋರಾತ್ರಿ ವಾಹನದಲ್ಲಿ ಕರೆದೊಯ್ಯುವ ಚಿತ್ರವೇ ಕಣ್ಣಮುಂದೆ ಬರುತ್ತದೆ. ಪ್ರೋಟೊಕಾಲ್‌ನ ವ್ಯಾಖ್ಯೆಯಲ್ಲಾದರೋ ಗಡಿ ದಾಟಿರಬೇಕೆಂಬ ಷರತ್ತಿಲ್ಲ, ಮೊಬೈಲ್‌ನಲ್ಲಿ ನಡೆದ ನೇಮಕವೂ ನೇಮಕವೇ.

ಫೋಟೊ ಕಳುಹಿಸಿದ ತಪ್ಪಿಗೆ ಹುಡುಗಿಯನ್ನೇ ಆರೋಪಿಯಾಗಿಸುವ ಪ್ರವೃತ್ತಿ ನನಗೆ ಹೆಚ್ಚು ಕಳವಳ ತರುತ್ತದೆ. ಮಕ್ಕಳು ಒಪ್ಪಿಗೆಯಿಂದ, ಕೇವಲ ಖಾಸಗಿ ಬಳಕೆಗೆಂದು ಹಂಚಿಕೊಂಡ ತಮ್ಮದೇ ಲೈಂಗಿಕ ಚಿತ್ರಗಳನ್ನು ಕೂಡ ಅಪರಾಧವೆಂದು ಪರಿಗಣಿಸಬಾರದೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರಲ್ಲೇ ಹೇಳಿರುವಾಗ, ಪುಸಲಾಯಿಸಿ ಪಡೆದ ಚಿತ್ರದ ಹೊಣೆಯನ್ನು ಮಗುವಿನ ಮೇಲೆ ಹೊರಿಸುವುದು ಯಾವ ನ್ಯಾಯ?

ಪ್ರಶ್ನೆ: ಪುಸಲಾಯಿಸಿದವನು ಒಂದು ದೇಶದಲ್ಲಿ, ಮಗು ಇನ್ನೊಂದರಲ್ಲಿ, ಸರ್ವರ್ ಮತ್ತೊಂದರಲ್ಲಿ ಇದ್ದರೆ ತನಿಖೆ ಹೇಗೆ?

ಉತ್ತರ: ಇಲ್ಲಿ ಮುಖ್ಯವಾದುದು ಸಮಯ, ಏಕೆಂದರೆ ಸಾಕ್ಷ್ಯ ಬೇಗ ಅಳಿದುಹೋಗುತ್ತದೆ. ಸೈಬರ್ ಅಪರಾಧ ಕುರಿತ 2001ರ ಬುಡಾಪೆಸ್ಟ್ ಒಪ್ಪಂದದ ಸದಸ್ಯ ರಾಷ್ಟ್ರಗಳು ದಿನದ 24 ಗಂಟೆಯೂ ಲಭ್ಯವಿರುವ ಸಂಪರ್ಕ ಕೇಂದ್ರವನ್ನು ಹೊಂದಿರಬೇಕು. ಇನ್ನೊಂದು ಸದಸ್ಯ ರಾಷ್ಟ್ರದ ಕೋರಿಕೆಯಂತೆ ಕಾಯ್ದಿರಿಸಿದ ದತ್ತಾಂಶವನ್ನು, ವಿಧ್ಯುಕ್ತ ಮನವಿ ಬರುವ ತನಕ, ಕನಿಷ್ಠ 60 ದಿನ ಉಳಿಸಿಕೊಳ್ಳಬೇಕು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2024ರ ಡಿಸೆಂಬರ್ 24ರಂದು ಅಂಗೀಕರಿಸಿದ ಸೈಬರ್ ಅಪರಾಧ ಒಪ್ಪಂದವು ಮಕ್ಕಳನ್ನು ಲೈಂಗಿಕ ಉದ್ದೇಶದಿಂದ ಆನ್‌ಲೈನ್‌ನಲ್ಲಿ ಪುಸಲಾಯಿಸುವುದನ್ನೇ ಪ್ರತ್ಯೇಕ ಅಪರಾಧವಾಗಿಸಿದೆ, ಆದರೆ 40 ರಾಷ್ಟ್ರಗಳ ಅನುಮೋದನೆ ದೊರೆತ ಬಳಿಕವೇ ಅದಕ್ಕೆ ಕಾನೂನಿನ ಬಲ.

ಇಷ್ಟೆಲ್ಲ ಇದ್ದರೂ, ಮನೆಯವರು ನಾಚಿಕೆಯಿಂದ ಚಾಟ್ ಅಳಿಸಿಹಾಕಿದರೆ ತನಿಖೆಯ ಮೊದಲ ಎಳೆಯೇ ತಪ್ಪಿಹೋಗುತ್ತದೆ. ಸಂದೇಶಗಳನ್ನೂ ಖಾತೆಯ ಹೆಸರನ್ನೂ ಹಾಗೆಯೇ ಉಳಿಸಿಕೊಂಡು, ಆ ಮೊಬೈಲನ್ನೇ ಪೊಲೀಸರಿಗೆ ತೋರಿಸಿ. ಎಚ್ಚರಿಸುವ ಸದುದ್ದೇಶದಿಂದಲೂ ಆ ಚಿತ್ರಗಳನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.