ತೆರೆದ ಪುಸ್ತಕದ ಆಕಾರ ಬೇಡ, ಮೊದಲು ಗೋದಾಮು ಅಳೆಯಿರಿ

ದಾವಣಗೆರೆಯಿಂದ ಮೂರನೇ ವರ್ಷದ ಆರ್ಕಿಟೆಕ್ಚರ್ ವಿದ್ಯಾರ್ಥಿನಿಯೊಬ್ಬರು ಪತ್ರ ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಮಾತ್ರ ಕೊಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಅವರು ಜಗಳೂರಿಗೆ ಒಂದು ಸಾರ್ವಜನಿಕ ಗ್ರಂಥಾಲಯ ವಿನ್ಯಾಸ ಮಾಡಬೇಕು. ಜಾಗ ಬಸ್ ನಿಲ್ದಾಣದ ಹತ್ತಿರ. ಅಲ್ಲಿ ಯಾರೂ ಬಳಸದ ಒಂದು ಹಳೆ ಕಲ್ಲಿನ ಗೋದಾಮು ಇದೆ, ಎರಡು ಬೇವಿನ ಮರ ಇವೆ. "ಈಗಿನ ಕಾಲದ ಒಳ್ಳೆಯ ಸಾರ್ವಜನಿಕ ಕಟ್ಟಡಗಳಿಂದ ಸ್ಫೂರ್ತಿ ತಗೊಳ್ಳಿ ಅಂತ ಗೈಡ್ ಹೇಳಿದ್ದಾರೆ. ಫೋನಿನಲ್ಲಿ ರಾಶಿ ಫೋಟೊ ಸೇವ್ ಮಾಡಿದ್ದೇನೆ. ನೋಡಿದಷ್ಟೂ ತಲೆ ಖಾಲಿಯಾಗುತ್ತಿದೆ. ಸೀನಿಯರ್ ಒಬ್ಬರು, ತೆರೆದ ಪುಸ್ತಕದ ಆಕಾರ ಮಾಡಿಬಿಡು, ಜ್ಯೂರಿಗೆ (ವಿನ್ಯಾಸ ನೋಡಿ ಅಂಕ ಕೊಡುವವರಿಗೆ) ಇಷ್ಟವಾಗುತ್ತೆ ಎಂದರು. ಗೋದಾಮು ಹೇಗೂ ಒಡೆಯಬೇಕು" ಎಂದಿದ್ದಾರೆ. ಕೇಳಿರುವುದು ಮೂರು ಪ್ರಶ್ನೆ. ಯಾವ ಕಟ್ಟಡ ನೋಡಲಿ? ನೋಡಿದ್ದನ್ನು ನನ್ನ ಪ್ರಾಜೆಕ್ಟಿಗೆ ಹೇಗೆ ತರಲಿ? ತಂದರೆ ಕಾಪಿ ಅನ್ನುವುದಿಲ್ಲವೇ?

ಪ್ರಿಯ ಓದುಗರೇ,

ನಿಮ್ಮ ಸೀನಿಯರ್ ಸಲಹೆಯಿಂದಲೇ ಶುರು ಮಾಡೋಣ. ಯಾಕೆಂದರೆ ಅದನ್ನು ಒಬ್ಬರು ನಿಜವಾಗಿಯೂ ಕಟ್ಟಿದ್ದಾರೆ, ಅದೂ ಪ್ಯಾರಿಸ್‌ನಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ 1989ರಲ್ಲಿ ಸ್ಪರ್ಧೆ ನಡೆದಾಗ ಗೆದ್ದವರು ಡೊಮಿನಿಕ್ ಪೆರೊ. ಆಗ ಅವರಿಗೆ 36 ವರ್ಷ. ದೊಡ್ಡ ಜಗಲಿಯಂಥ ಒಂದು ಬಯಲು, ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಗಾಜಿನ ಗೋಪುರ. ಒಂದೊಂದೂ ಅರ್ಧ ತೆರೆದು ನಿಲ್ಲಿಸಿದ ಪುಸ್ತಕದ ಹಾಗೆ ಮಡಚಿಕೊಂಡಿದೆ. ಫೋಟೊದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಪುಸ್ತಕಗಳನ್ನು ಇಟ್ಟಿದ್ದು ಎಲ್ಲಿ? ಆ ಗಾಜಿನ ಗೋಪುರಗಳಲ್ಲಿ. ಓದುವವರು ಕೂರುವುದು ಎಲ್ಲಿ? ಕೆಳಗೆ. ಹಳೆಯ ಕಾಗದಕ್ಕೆ ಬಿಸಿಲು ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಅಷ್ಟು ಗಾಜಿನ ಹಿಂದೆ ಮರದ ಹಲಗೆಗಳನ್ನು ನಿಲ್ಲಿಸಿ ಬೆಳಕನ್ನು ತಡೆಯಬೇಕಾಯಿತು. ಗಾಜು ಹಾಕುವುದು, ಆಮೇಲೆ ಅದನ್ನು ಒಳಗಿನಿಂದ ಮುಚ್ಚುವುದು.

ಹಾಗಂತ ಆ ಕಟ್ಟಡವನ್ನು ಪೂರ್ತಿ ತಳ್ಳಿಹಾಕಬೇಡಿ. ಬಯಲಿನ ನಡುವೆ ನೆಲವನ್ನು ಆಳಕ್ಕೆ ತಗ್ಗಿಸಿ ಅಲ್ಲೊಂದು ಪುಟ್ಟ ಕಾಡು ಬೆಳೆಸಿದ್ದಾರೆ. ಬೇರೆ ಕಡೆಯಿಂದ ಬೆಳೆದ ಪೈನ್ ಮರಗಳನ್ನೇ ತಂದು ನೆಟ್ಟರು. ಓದುವ ಕೋಣೆಗಳು ಅದರ ಸುತ್ತ ಇವೆ. ನಗರದ ನಡುವೆ ಕೂತು ಓದುವವರಿಗೆ ಮರ ಕಾಣಬೇಕು, ಗದ್ದಲ ಕೇಳಬಾರದು ಅನ್ನುವ ಯೋಚನೆ ಅದರದು. ನನ್ನನ್ನು ಕೇಳಿದರೆ ಆ ಕಟ್ಟಡದಿಂದ ಕಲಿಯಬೇಕಾದದ್ದು ಇದು. ವಿಚಿತ್ರ ನೋಡಿ, ಅದರ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ನಾಲ್ಕು ಪುಸ್ತಕ. ಆ ತೋಟ ಯಾರಿಗೂ ನೆನಪಾಗುವುದಿಲ್ಲ.

ನಿಮ್ಮ ಫೋನಿನಲ್ಲಿರುವ ಫೋಟೊಗಳ ತೊಂದರೆಯೂ ಇದೇ. ಫೋಟೊ ಆಕಾರ ತೋರಿಸುತ್ತದೆ. ಆ ಆಕಾರ ಯಾವ ಕಷ್ಟಕ್ಕೆ ಉತ್ತರವಾಗಿ ಬಂತು ಅನ್ನುವುದು ಅದರಲ್ಲಿ ಇರುವುದಿಲ್ಲ. ಕಷ್ಟ ಗೊತ್ತಿಲ್ಲದೆ ಉತ್ತರ ಮಾತ್ರ ನೋಡುತ್ತಾ ಹೋದರೆ ತಲೆ ಖಾಲಿಯಾಗದೆ ಇನ್ನೇನು?

ಹೆಲ್ಸಿಂಕಿಯ ಊಡಿ ಗ್ರಂಥಾಲಯ ನೀವು ಸೇವ್ ಮಾಡಿಕೊಂಡಿರುವ ಫೋಟೊಗಳಲ್ಲಿ ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. 2018ರ ಡಿಸೆಂಬರ್ 5ರಂದು, ಫಿನ್ಲೆಂಡಿನ ಸ್ವಾತಂತ್ರ್ಯ ದಿನದ ಹಿಂದಿನ ದಿನ, ಪಾರ್ಲಿಮೆಂಟಿನ ಎದುರಿಗೆ ತೆರೆದ ಕಟ್ಟಡ. ಎಎಲ್‌ಎ ಅನ್ನುವ ಸಂಸ್ಥೆಯ ವಿನ್ಯಾಸ. ಮರದ ಮೈ, ಅಲೆಯಂಥ ಬಿಳಿ ಸೂರು. ಕೆಳಮಹಡಿಯಲ್ಲಿ ಕಂಬಗಳೇ ಇಲ್ಲ. ನೂರು ಮೀಟರಿಗೂ ಜಾಸ್ತಿ ಉದ್ದದ ಎರಡು ಉಕ್ಕಿನ ಕಮಾನುಗಳು ಇಡೀ ಕಟ್ಟಡವನ್ನು ಸೇತುವೆಯ ಹಾಗೆ ಹೊತ್ತಿವೆ. ಇದನ್ನು ನೋಡಿ ವಿದ್ಯಾರ್ಥಿಗಳು ದೊಡ್ಡ ದೊಡ್ಡ ಕಮಾನು ಹಾಕುತ್ತಾರೆ. ಆದರೆ ಅಲ್ಲಿ ಸೇತುವೆಯ ಯೋಚನೆಗೆ ಒಂದು ಕಾರಣವಿತ್ತು. ಆ ಜಾಗದ ನೆಲದಡಿ ಮುಂದೆಂದಾದರೂ ರಸ್ತೆ ಸುರಂಗ ಬರಬಹುದು ಎಂದು ಜಾಗ ಕಾದಿಟ್ಟಿದ್ದರು. ಅದರ ಮೇಲೆ ಭಾರ ಊರುವ ಹಾಗಿರಲಿಲ್ಲ. ಜಗಳೂರಿನ ಬಸ್ ನಿಲ್ದಾಣದ ಪಕ್ಕ ಸುರಂಗದ ಭಯವಿಲ್ಲ. ನಿಮಗೆ ಕಮಾನು ಯಾಕೆ?

ಊಡಿಯಿಂದ ತಗೊಳ್ಳುವುದಾದರೆ ಅದರ ಮಹಡಿಗಳ ಹಂಚಿಕೆ ತಗೊಳ್ಳಿ. ಮೂರು ಮಹಡಿಗಳಲ್ಲಿ ಪುಸ್ತಕಗಳಿಗೆ ಮುಖ್ಯವಾಗಿ ಕೊಟ್ಟಿರುವುದು ಮೇಲಿನದೊಂದನ್ನು. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್, ರೆಕಾರ್ಡಿಂಗ್ ಕೋಣೆಗಳಿವೆ. ಕೆಳಗೆ ಜನ ಸುಮ್ನೆ ಬಂದು ಕೂರಬಹುದು. ಅಂದರೆ ಕಟ್ಟುವ ಮೊದಲು ಅವರು, ನಮ್ಮ ಊರಿನವರು ಗ್ರಂಥಾಲಯಕ್ಕೆ ಬಂದು ಏನು ಮಾಡುತ್ತಾರೆ ಅಂತ ಕೇಳಿದ್ದರು. ಅಲ್ಲಿನ ಉತ್ತರ ಹೊಲಿಗೆ ಯಂತ್ರ. ಜಗಳೂರಿನ ಉತ್ತರ ಬೇರೆಯೇ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಫಿನ್ಲೆಂಡಿಗೆ ಹೋಗಿ ನೋಡಿ ಅನ್ನಲಾರೆ. ಬೆಂಗಳೂರಿಗೆ ಹೋಗಬಹುದಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಮೂರೇ ಜಾಗ.

ಒಂದು, ಕಸ್ತೂರ್ಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. 2023ರ ಫೆಬ್ರವರಿಯಲ್ಲಿ ತೆರೆಯಿತು. ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯ ವಿನ್ಯಾಸ. ಹೊರಮೈಗೆ ಸ್ಟೇನ್‌ಲೆಸ್ ಸ್ಟೀಲ್ ಹಲಗೆಗಳು, ಒಂದೊಂದರ ಮೇಲೂ ಒಂದನ್ನೊಂದು ಕತ್ತರಿಸುವ ಉಬ್ಬುಗೆರೆಗಳ ಗುರುತು. ಹಳೆ ಕಟ್ಟಡಗಳ ತಲೆ ಮೇಲೆ ಕಬ್ಬಿಣದ ಹಲಗೆ ಜೋಡಿಸಿದ ಚೌಕ ನೀರಿನ ಟ್ಯಾಂಕ್ ನೋಡಿದ್ದೀರಾ? ಸ್ಫೂರ್ತಿ ಬಂದದ್ದು ಅಲ್ಲಿಂದ. ಕೋಟಿಗಟ್ಟಲೆ ಬೆಲೆಯ ಕಲೆ ಇಡುವ ಕಟ್ಟಡಕ್ಕೆ ನೀರಿನ ಟ್ಯಾಂಕ್ ಮಾದರಿ! ಆದರೆ ಯೋಚಿಸಿದರೆ ಸರಿಯಾಗಿದೆ. ಹಳೆಯ ಫೋಟೊ, ಚಿತ್ರಗಳಿಗೆ ಬೆಳಕು ಶತ್ರು. ಒಳಗಿರುವುದನ್ನು ಜೋಪಾನ ಮಾಡುವ ಒಂದು ಮುಚ್ಚಿದ ಪೆಟ್ಟಿಗೆ ಬೇಕಿತ್ತು. ಪ್ಯಾರಿಸ್‌ನಲ್ಲಿ ಮಾಡಿದ್ದಕ್ಕೆ ಇದು ನೇರ ವಿರುದ್ಧ. ನನಗೆ ಈ ಕಟ್ಟಡದ ಮೇಲೆ ಒಂದು ತಕರಾರೂ ಇದೆ. ರಸ್ತೆಯಲ್ಲಿ ನಡೆದು ಹೋಗುವವನಿಗೆ ಅದು ಒಳಗೆ ಬಾ ಅನ್ನುವುದಿಲ್ಲ. ಮ್ಯೂಸಿಯಂಗೆ ಅದು ನಡೆಯಬಹುದು, ಗ್ರಂಥಾಲಯಕ್ಕೆ ನಡೆಯುವುದಿಲ್ಲ. ಎದುರಿನ ಫುಟ್‌ಪಾತ್‌ನಲ್ಲಿ ನಿಂತು ನೀವೇ ನೋಡಿ, ನನ್ನ ಮಾತು ಒಪ್ಪದೆಯೂ ಇರಬಹುದು.

ಎರಡು, ಫ್ರೀಡಂ ಪಾರ್ಕ್. ಇದೂ ಅದೇ ಸಂಸ್ಥೆಯ ಕೆಲಸ, 2008ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಅದು ಬ್ರಿಟಿಷರ ಕಾಲದ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಇಲ್ಲೇ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ನಗರದ ನಡುವೆ ಅಷ್ಟು ದೊಡ್ಡ ಜಾಗ ಖಾಲಿ ಬಿತ್ತು. ಎಲ್ಲ ನೆಲಸಮ ಮಾಡಿ ಹುಲ್ಲುಹಾಸು ಹಾಕುವುದು ಸುಲಭವಿತ್ತು. ಅವರು ಕಾವಲು ಗೋಪುರ ಉಳಿಸಿದರು, ಬ್ಯಾರಕ್ ಉಳಿಸಿದರು, ಕೆಲವು ಗೋಡೆ ಉಳಿಸಿದರು. ಪ್ರತಿಭಟನೆಗೂ ಜಾಗ ಬಿಟ್ಟರು. ಈಗ ಬೆಂಗಳೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರಿರಲಿ, ರೈತರಿರಲಿ, ಧರಣಿ ಅಂದರೆ ಅಲ್ಲೇ. ಜನರನ್ನು ಕೂಡಿಹಾಕಿದ್ದ ಜಾಗದಲ್ಲಿ ಈಗ ಜನ ಕೂಗಿ ಹೇಳುತ್ತಾರೆ. ಧರಣಿಯನ್ನೆಲ್ಲ ಒಂದೇ ಕಡೆ ತಳ್ಳುವುದು ಸರಿಯೇ ಅನ್ನುವುದು ಬೇರೆ ಜಗಳ, ಅದಕ್ಕೆ ಇಲ್ಲಿ ಜಾಗ ಸಾಲದು. ನೀವು ನೋಡಬೇಕಾದದ್ದು ಹಳೆ ಗೋಡೆಗೂ ಹೊಸ ಗೋಡೆಗೂ ನಡುವಿನ ಸಂದು. ಎಲ್ಲಿ ಮುಟ್ಟಿಸಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ, ಮಳೆನೀರು ಎಲ್ಲಿಂದ ಹೋಗುತ್ತದೆ. ನಿಮ್ಮ ಗೋದಾಮಿಗೆ ಬೇಕಾಗುವುದು ಅದು.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬನ್ನೇರುಘಟ್ಟ ರಸ್ತೆಯ ಐಐಎಂ. ಕಾಲೇಜಿನಿಂದ ಪತ್ರ ತಗೊಂಡು, ಮೊದಲೇ ಅನುಮತಿ ಕೇಳಿ ಹೋಗಿ. ಸುಮಾರು ನೂರು ಎಕರೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ವಿನ್ಯಾಸ, 1970ರ ದಶಕದ ಕೊನೆಗೆ ಕೆಲಸ ಶುರುವಾಗಿ ವರ್ಷಗಟ್ಟಲೆ ಬೆಳೆಯಿತು. ಈಗಿನ ಕಾಲದ್ದು ಅನ್ನಲು ಸ್ವಲ್ಪ ಹಳೆಯದೇ, ಗೈಡ್ ಮೂಗು ಮುರಿದರೆ ನನ್ನ ಹೆಸರು ಹೇಳಿ.

ಅಲ್ಲಿ ಕಟ್ಟಡಕ್ಕಿಂತ ಓಣಿಗಳೇ ಮುಖ್ಯ. ಒರಟು ಬೂದು ಗ್ರಾನೈಟ್ ಗೋಡೆಗಳ ನಡುವೆ ಎತ್ತರದ ನಡಿಗೆ ದಾರಿ. ಒಂದು ಕಡೆ ಪೂರ್ತಿ ಸೂರು, ಇನ್ನೊಂದು ಕಡೆ ಬರೀ ಕಾಂಕ್ರೀಟ್ ತೊಲೆಗಳ ಚಪ್ಪರ, ಮುಂದೆ ಹೋದರೆ ತೆರೆದ ಆಕಾಶ. ತೊಲೆಗಳ ನೆರಳು ನೆಲದ ಮೇಲೆ ಗೆರೆ ಗೆರೆ ಬೀಳುತ್ತದೆ, ಹೊತ್ತು ಹೋದ ಹಾಗೆ ಜರುಗುತ್ತದೆ. ಕ್ಲಾಸ್ ಮುಗಿಸಿ ಹೊರಬಂದವರು ಅಲ್ಲೇ ನಿಂತು ಮಾತಾಡುತ್ತಾರೆ. ಪಾಠದ ಅರ್ಧ ಕೋಣೆಯ ಹೊರಗೇ ನಡೆಯುತ್ತದೆ ಎಂದು ದೋಶಿ ನಂಬಿದ್ದರು, ಅದಕ್ಕೇ ಆ ಓಣಿಗಳಿಗೆ ಅಷ್ಟು ಅಗಲ, ಅಷ್ಟು ಎತ್ತರ. ಸ್ಫೂರ್ತಿ ಎಲ್ಲಿಯದು ಅಂದರೆ ಅಕ್ಬರನ ಫತೇಪುರ್ ಸಿಕ್ರಿ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಐಐಎಂನಲ್ಲಿ ಒಂದು ಮೊಘಲ್ ಕಮಾನೂ ಇಲ್ಲ, ಕೆಂಪು ಕಲ್ಲೂ ಇಲ್ಲ. ಅಂಗಳಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ, ನಡೆಯುವವನಿಗೆ ಒಂದಾದ ಮೇಲೊಂದು ಹೇಗೆ ತೆರೆದುಕೊಳ್ಳುತ್ತವೆ ಅನ್ನುವುದನ್ನಷ್ಟೇ ತಂದರು. ಕಲ್ಲು ಇಲ್ಲಿಯದು.

ನಿಮ್ಮ ಮೂರನೇ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅಹಮದಾಬಾದಿನ ಐಐಎಂ ಗೊತ್ತಲ್ಲ, ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರ ಇಟ್ಟಿಗೆ ಕಟ್ಟಡಗಳು, ಗೋಡೆಯಲ್ಲಿ ದೊಡ್ಡ ದೊಡ್ಡ ದುಂಡು ತೆರಪುಗಳು. ಕಾನ್ ಅವರನ್ನು ಆ ಕೆಲಸಕ್ಕೆ ಕರೆಸಿದ್ದರಲ್ಲಿ ದೋಶಿಯವರ ಪಾತ್ರ ದೊಡ್ಡದು, ಜೊತೆಗೆ ನಿಂತು ಕೆಲಸವನ್ನೂ ಮಾಡಿದರು. ಅದಕ್ಕೂ ಮುಂಚೆ ಪ್ಯಾರಿಸ್‌ನಲ್ಲಿ, ಚಂಡೀಗಢ ವಿನ್ಯಾಸ ಮಾಡಿದ ಲ ಕೊರ್ಬುಸಿಯೆ ಹತ್ತಿರ ಪಳಗಿದ್ದರು. ಇಷ್ಟು ದೊಡ್ಡವರ ನೆರಳಲ್ಲಿದ್ದು, ಮತ್ತೊಂದು ಐಐಎಂ ಕೈಗೆ ಬಂದಾಗ ಆ ದುಂಡು ತೆರಪುಗಳನ್ನು ತಂದು ಇಲ್ಲಿ ಅಂಟಿಸಲಿಲ್ಲ. ಅಹಮದಾಬಾದಿನ ಬಿಸಿಲು ಬೇರೆ, ಬೆಂಗಳೂರಿನ ಹವೆ ಬೇರೆ. 2018ರಲ್ಲಿ ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್ಕರ್ ಪ್ರಶಸ್ತಿ ಬಂತು, ಭಾರತದವರಿಗೆ ಸಿಕ್ಕಿದ್ದು ಅದೇ ಮೊದಲು.

ಹಾಗಂತ ಐಐಎಂನ ಚಪ್ಪರವನ್ನು ಎತ್ತಿಕೊಂಡು ಹೋಗಿ ಜಗಳೂರಿನಲ್ಲಿ ಇಳಿಸಬೇಡಿ! ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅರೆ ನೆರಳು ಅಲ್ಲಿ ಹಿತ. ನಿಮ್ಮದು ಬರದ ತಾಲ್ಲೂಕು. ಏಪ್ರಿಲ್ ಮಧ್ಯಾಹ್ನ ಗೆರೆ ಗೆರೆ ನೆರಳಲ್ಲಿ ಯಾರೂ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ಪೂರ್ತಿ ನೆರಳು, ದಪ್ಪ ಗೋಡೆ, ಬಿಸಿಗಾಳಿ ಮೇಲೆ ಹೋಗಲು ದಾರಿ. ದಪ್ಪ ಗೋಡೆ ನಿಮ್ಮ ಜಾಗದಲ್ಲಿ ಆಗಲೇ ಇದೆ. ಅದನ್ನೇ ಒಡೆಯಲು ಹೊರಟಿದ್ದೀರಿ, ಅಲ್ವಾ?

ಗೋದಾಮು ಉಳಿಸಲೇಬೇಕು ಎಂದು ನಾನು ಹಟ ಮಾಡುವುದಿಲ್ಲ. ಅಳತೆ ಮಾಡದೆ ಒಡೆಯಬೇಡಿ ಅನ್ನುತ್ತೇನೆ. ಟೇಪ್ ಹಿಡಿದು ಹೋಗಿ. ಗೋಡೆಯ ದಪ್ಪ, ಸೂರಿನ ಎತ್ತರ, ಬಾಗಿಲ ಅಗಲ ಬರೆದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಒಳಗೊಂದು, ಹೊರಗೊಂದು ಥರ್ಮಾಮೀಟರ್ ಇಡಿ. ಆ ಎರಡು ಅಂಕಿಗಳು ಜ್ಯೂರಿಯ ಮುಂದೆ ಯಾವ ಕಾನ್ಸೆಪ್ಟ್‌ಗಿಂತಲೂ ಜೋರಾಗಿ ಮಾತಾಡುತ್ತವೆ. ಅಳತೆಯಲ್ಲಿ ಅದು ಕೆಲಸಕ್ಕೆ ಬಾರದ್ದು ಎಂದು ತೋರಿದರೆ ಒಡೆಯಿರಿ, ನನ್ನ ಅಭ್ಯಂತರವಿಲ್ಲ.

ಇನ್ನು ಜಗಳೂರಿನ ಉತ್ತರ. ನಿಮ್ಮ ಹತ್ತಿರದ ಯಾವುದಾದರೂ ತಾಲ್ಲೂಕು ಗ್ರಂಥಾಲಯಕ್ಕೆ ಹೋಗಿ ಒಂದು ದಿನ ಪೂರ್ತಿ ಕೂತು ನೋಡಿ. ಬೆಳಿಗ್ಗೆ ಪೇಪರ್ ಓದುವ ಹಿರಿಯರು ಬರುತ್ತಾರೆ. ಆಮೇಲೆ ಬರುವವರು ಸಂಜೆಯವರೆಗೂ ಏಳುವುದಿಲ್ಲ. ಅವರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು. ಅವರಲ್ಲಿ ಹೆಚ್ಚಿನವರು ಗ್ರಂಥಾಲಯದ ಪುಸ್ತಕ ಮುಟ್ಟುವುದೇ ಇಲ್ಲ, ತಮ್ಮದೇ ಗೈಡು, ನೋಟ್ಸು ತರುತ್ತಾರೆ. ಅವರಿಗೆ ಬೇಕಿರುವುದು ಬೆನ್ನು ನೋಯದ ಕುರ್ಚಿ, ಫ್ಯಾನು, ಚಾರ್ಜಿಂಗ್ ಪಾಯಿಂಟು, ಕುಡಿಯುವ ನೀರು. ಬುತ್ತಿ ಬಿಚ್ಚಿ ಉಣ್ಣಲು ಒಂದು ಕಟ್ಟೆ. ಹುಡುಗಿಯರು ಎಷ್ಟು ಜನ ಇದ್ದಾರೆ ಎಣಿಸಿ. ಕಡಿಮೆ ಇದ್ದರೆ ಯಾಕೆ ಎಂದು ಕೇಳಿ. ಶೌಚಾಲಯ, ಸಂಜೆಯ ದೀಪ, ಬಸ್ಸಿನ ಹೊತ್ತು, ಈ ಮೂರರಲ್ಲಿ ಒಂದಾದರೂ ಉತ್ತರದಲ್ಲಿ ಬರುತ್ತದೆ. ಬಸ್ ನಿಲ್ದಾಣ ಪಕ್ಕದಲ್ಲೇ ಇದೆಯಲ್ಲ, ಹಳ್ಳಿಗೆ ಹೋಗುವ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ. ನಿಮ್ಮ ಕಟ್ಟಡ ಬಾಗಿಲು ಹಾಕುವ ಹೊತ್ತನ್ನು ಅದೇ ಹೇಳುತ್ತದೆ. ಆ ಬಸ್ಸಿಗೆ ಕಾಯುವವರು ಬೇವಿನ ಮರದ ಕೆಳಗೆ ಕೂತು ಓದುವ ಹಾಗಿದ್ದರೆ, ನಿಮ್ಮ ಮೊದಲ ಓದುವ ಕೋಣೆಗೆ ಗೋಡೆಯೇ ಬೇಡ.

ಇನ್ನೊಂದು ಮಾತು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಇದೆ. ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಕಟ್ಟುವವರು ಅದರ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಆ ದುಡ್ಡಿನಲ್ಲಿ ನಡೆಯುವ ಕಟ್ಟಡಕ್ಕೆ ಎತ್ತರದ ಸ್ಕೈಲೈಟ್, ಅಂದರೆ ಸೂರಿನಲ್ಲಿ ಗಾಜಿನ ಬೆಳಕಿಂಡಿ, ಹಾಕಿದರೆ ಅದನ್ನು ಏಣಿ ಹಾಕಿ ತೊಳೆಯುವವರು ಯಾರು? ಉತ್ತರ ಗೊತ್ತಿದ್ದರೆ ಹಾಕಿ.

ಕಾಪಿಯ ಭಯಕ್ಕೆ ಕೊನೆಯ ಮಾತು. ಶೀಟಿನಲ್ಲಿ ಕೇಸ್ ಸ್ಟಡಿ ಅಂತ ನಾಲ್ಕು ಫೋಟೊ ಅಂಟಿಸಿ ಮುಗಿಸಬೇಡಿ. ಪ್ರತಿ ಕಟ್ಟಡದ ಒಂದು ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿದರೆ ಒಳಗೆ ಕಾಣುವ ಚಿತ್ರ, ಕೈಯಲ್ಲೇ ಬರೆಯಿರಿ, ಒಬ್ಬ ಮನುಷ್ಯನನ್ನೂ ಅದರೊಳಗೆ ನಿಲ್ಲಿಸಿ. ಕೆಳಗೆ ಮೂರು ಸಾಲು ಸಾಕು: ಅವರಿಗಿದ್ದ ಕಷ್ಟ ಇದು, ಅವರು ಮಾಡಿದ್ದು ಇದು, ನನ್ನ ಜಾಗದಲ್ಲಿ ಆ ಕಷ್ಟ ಇದೆ ಅಥವಾ ಇಲ್ಲ. ಇಲ್ಲ ಎಂದು ಬರೆದ ಶೀಟನ್ನೂ ಜ್ಯೂರಿಗೆ ತೋರಿಸಿ, ಹಿಂದೆ ಇಡಬೇಡಿ. ಯಾರಿಂದ ತಗೊಂಡಿರಿ ಅನ್ನುವುದನ್ನು ಹೆಸರು ಹಾಕಿ ದೊಡ್ಡ ಅಕ್ಷರದಲ್ಲೇ ಬರೆಯಿರಿ. ನೀರಿನ ಟ್ಯಾಂಕಿನಿಂದ ತಗೊಂಡಿದ್ದರೆ ಟ್ಯಾಂಕ್ ಎಂದೇ ಬರೆಯಿರಿ.

– ಸಂಪಾದಕ