ಬೂಟ್ ಆಗುವಾಗಲೇ ನಿಂತುಹೋಗುವ ಲಿನಕ್ಸ್ ಕರ್ನಲ್ ಅನ್ನು ಡೀಬಗ್ ಮಾಡಲು ಸೀರಿಯಲ್, ನೆಟ್‌ವರ್ಕ್, ಯುಎಸ್‌ಬಿ ಇವುಗಳಲ್ಲಿ ಯಾವ ಸಂಪರ್ಕ ಸೂಕ್ತ?

ಯಂತ್ರದಲ್ಲಿ ಸೀರಿಯಲ್ ಪೋರ್ಟ್ ಇದ್ದರೆ ಹೆಚ್ಚು ಯೋಚಿಸದೆ ಅದನ್ನೇ ಆರಿಸಿಕೊಳ್ಳಿ.

ಬೂಟ್‌ನ ಆರಂಭದಲ್ಲಿ ಕರ್ನಲ್‌ನ ಬಳಿ ಡ್ರೈವರ್‌ಗಳಾಗಲಿ, ಸಾಧನಗಳು ಪ್ರೊಸೆಸರ್‌ನ ಗಮನ ಸೆಳೆಯಲು ಬಳಸುವ ಇಂಟರಪ್ಟ್‌ಗಳಾಗಲಿ ಇನ್ನೂ ಸಿದ್ಧವಾಗಿರುವುದಿಲ್ಲ. ಸೀರಿಯಲ್ ಪೋರ್ಟ್‌ಗೆ ಇವು ಯಾವುವೂ ಬೇಕಿಲ್ಲ: ಪಿಸಿಯ ಮೊದಲ ಪೋರ್ಟ್‌ನ ವಿಳಾಸವಾದ ಹೆಕ್ಸ್ 3ಎಫ್8ಕ್ಕೆ ಒಂದೊಂದೇ ಬೈಟ್ ಬರೆಯುತ್ತ, ಮುಂದಿನದಕ್ಕೆ ಜಾಗವಾಗಿದೆಯೇ ಎಂದು ಅದರ ಸ್ಟೇಟಸ್ ರಿಜಿಸ್ಟರ್ ಅನ್ನು ಮತ್ತೆ ಮತ್ತೆ ಓದಿ ನೋಡಿದರೆ ಸಾಕು. ‘ಅರ್ಲಿಕಾನ್’ ಎಂಬ ಬೂಟ್ ಆಯ್ಕೆಯನ್ನು ಕೊಟ್ಟಾಗ ಕರ್ನಲ್ ಮಾಡುವುದೂ ಇದನ್ನೇ. ವೇಗವೇನೋ ಕಡಿಮೆ, 115200 ಬಾಡ್‌ನಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರಗಳು. ಬೂಟ್ ಲಾಗ್‌ಗೆ ಅಷ್ಟು ಧಾರಾಳವಾಯಿತು.

ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಕಳುಹಿಸುವ ನೆಟ್‌ಕನ್ಸೋಲ್, ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಕೆಲಸ ಆರಂಭಿಸಿದ ಮೇಲಷ್ಟೇ ಉಪಯೋಗಕ್ಕೆ ಬರುವುದರಿಂದ, ಅದಕ್ಕೂ ಮೊದಲು ಸಂಭವಿಸುವ ದೋಷವನ್ನು ಅದು ತೋರಿಸಲಾರದು.

ಹಲವರು ಎಡವುವುದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ನಲ್ಲಿ. ಲಾಗ್ ನೋಡುವ ಲ್ಯಾಪ್‌ಟಾಪ್‌ಗೆ ಅದನ್ನು ಸಿಕ್ಕಿಸಿದರೆ ಅಡ್ಡಿಯಿಲ್ಲ. ದೋಷವಿರುವ ಯಂತ್ರಕ್ಕೆ ಸಿಕ್ಕಿಸಿದರೆ, ಯುಎಸ್‌ಬಿ ಡ್ರೈವರ್‌ಗಳು ಸಿದ್ಧವಾಗುವವರೆಗೆ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ.

ಸೀರಿಯಲ್ ಪೋರ್ಟ್ ಇಲ್ಲದ ಯಂತ್ರಗಳಲ್ಲಿ ಯುಎಸ್‌ಬಿ 3 ನಿಯಂತ್ರಕವೇ ಒದಗಿಸುವ ಡೀಬಗ್ ಸೌಲಭ್ಯವನ್ನು ಪ್ರಯತ್ನಿಸಬಹುದು, ಆದರೆ ಅದಕ್ಕೆ ಎರಡೂ ತುದಿಗಳಲ್ಲಿ ಎ ಮಾದರಿಯ ಪ್ಲಗ್ ಇರುವ ವಿಶೇಷ ಕೇಬಲ್ ಬೇಕು. ದೋಷವು ಹಾರ್ಡ್‌ವೇರ್‌ಗೆ ಸಂಬಂಧಿಸಿದ್ದಲ್ಲವೆಂದು ಅನಿಸಿದರೆ, ಕೇಬಲ್ ಹುಡುಕುವ ಮುನ್ನ ಅದೇ ಕರ್ನಲ್ ಅನ್ನು ಇಡೀ ಯಂತ್ರವನ್ನೇ ತಂತ್ರಾಂಶದಲ್ಲಿ ಅನುಕರಿಸುವ ಕ್ಯೂಎಮುವಿನಲ್ಲಿ ಚಲಾಯಿಸಿ, ಜಿಡಿಬಿ ಎಂಬ ಡೀಬಗರ್ ಜೋಡಿಸಿ ನೋಡಿ.