ತಮ್ಮನ ಸಾವಿನ ನಿಜವನ್ನು ಯಾರಲ್ಲಿ ಹೇಳಿಕೊಳ್ಳಲಿ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡ. ನೆಂಟರಿಷ್ಟರಿಗೆ ಹೃದಯಾಘಾತವೆಂದು ಹೇಳಿದ್ದೇವೆ. ಅಮ್ಮ ಅವನ ಹೆಸರೆತ್ತುವುದಿಲ್ಲ. ಹಿಂದಿನ ರಾತ್ರಿ ಅವನು ಮಾಡಿದ ಕರೆಯನ್ನು ನಾನು ಸ್ವೀಕರಿಸಲಿಲ್ಲ. ಆಪ್ತರನ್ನು ಹೀಗೆಯೇ ಕಳೆದುಕೊಂಡವರು ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರುವ ಗುಂಪೊಂದಿದೆಯಂತೆ. ಇತರರ ದುಃಖ ಕೇಳಿ ನನ್ನದು ಹೆಚ್ಚಾಗದೇ?
– ಹೆಸರು, ಊರು ಬೇಡ

ಉತ್ತರ: ಸೇರಿ ನೋಡಿ ಎಂದೇ ಹೇಳುತ್ತೇನೆ. ಕಾಯಿಲೆಯಿಂದ ತೀರಿಕೊಂಡವರ ಮನೆಯಲ್ಲಿ ಅಳುವುದಕ್ಕಾದರೂ ಅಡ್ಡಿಯಿರುವುದಿಲ್ಲ. ನೀವು ಅಳುವಾಗಲೂ ಒಂದು ಸುಳ್ಳನ್ನು ಕಾಯಬೇಕಾಗಿದೆ. ಮಾತು ಯಾವಾಗ ಎತ್ತ ಹೊರಳೀತೋ ಎಂಬ ಆ ಎಚ್ಚರಿಕೆಯ ಆಯಾಸ, ಅದನ್ನು ಸ್ವತಃ ಅನುಭವಿಸಿದವರಿಗೆ ವಿವರಿಸದೆಯೇ ತಿಳಿಯುತ್ತದೆ. ಸ್ವೀಕರಿಸದ ಕರೆಯ ಬಗ್ಗೆ ‘ನಿಮ್ಮ ತಪ್ಪಲ್ಲ’ ಎಂದು ನಾನು ಬರೆದರೆ ಅದು ನಿಮಗೆ ವೈದ್ಯರ ಸಮಾಧಾನವೆನಿಸಬಹುದು. ಮಗನನ್ನು ಹೀಗೆ ಕಳೆದುಕೊಳ್ಳುವ ಹಿಂದಿನ ರಾತ್ರಿ ಅವನ ಪಕ್ಕದಲ್ಲೇ ಕುಳಿತು ಊಟ ಮಾಡಿ, ಮಾತಾಡಿ, ಆದರೂ ಏನನ್ನೂ ಗ್ರಹಿಸಲಾಗದೆ ಹೋದ ತಾಯಿಯೊಬ್ಬರ ಬಾಯಿಂದ ಅದನ್ನು ಕೇಳಿದಾಗ, ಕರೆ ಸ್ವೀಕರಿಸಿದ್ದರೆ ತಮ್ಮ ಉಳಿಯುತ್ತಿದ್ದ ಎಂಬ ನಿಮ್ಮ ನಂಬಿಕೆ ಸ್ವಲ್ಪವಾದರೂ ಸಡಿಲಗೊಂಡೀತು. ಆತ್ಮಹತ್ಯೆಗೆ ಒಂದೇ ಕಾರಣವಿರುವುದು ಅಪರೂಪ.

ಮೊದಲ ಸಭೆಗಳ ನಂತರ ಮನಸ್ಸು ಭಾರವಾಗುವುದು ಸಹಜ. ಕ್ಯಾಮೆರಾ ಆರಿಸಿ ಸುಮ್ಮನೆ ಕೇಳಬಹುದು, ಬೇಡವೆನಿಸಿದಾಗ ಎದ್ದು ಬರಬಹುದು. ಆದರೆ ಸೇರುವ ಮುನ್ನ ನಡೆಸುವವರನ್ನು ವಿಚಾರಿಸಿ: ಅವರಿಗೆ ತರಬೇತಿಯಾಗಿದೆಯೇ, ಸಾವು ಹೇಗಾಯಿತೆಂಬ ವಿವರಗಳಿಗೆ ತಡೆಯಿದೆಯೇ, ಯಾರಾದರೂ ಬದುಕು ಸಾಕೆಂದರೆ ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿಲ್ಲದ, ನಡುರಾತ್ರಿ ಯಾರೂ ನೋಡಿಕೊಳ್ಳದ ವಾಟ್ಸ್‌ಆ್ಯಪ್ ಗುಂಪುಗಳಿಂದ ದಯವಿಟ್ಟು ದೂರವಿರಿ. ಏಕೆಂದರೆ ಇಂಥ ಸಾವಿನಿಂದ ನೊಂದ ಆಪ್ತರಲ್ಲಿ ಸಾಯುವ ಯೋಚನೆ ಬರುವ ಅಪಾಯ ಇತರರಿಗಿಂತ ಹೆಚ್ಚು. ನಿಮಗೂ ಹಾಗೆನಿಸಿದರೆ, ವಾರದ ಸಭೆಗೆ ಕಾಯದೆ ಕೂಡಲೇ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ ಮಾನಸ್ ಸಹಾಯವಾಣಿ ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿರಿ. ಇಂಥ ಗುಂಪು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

ನೆಂಟರಿಗೆ ನಿಜ ಹೇಳುವ ಆತುರ ಬೇಡ. ಆದರೂ ನಾಚಿಕೆ ಕಾಡಿದಾಗ ಇದನ್ನು ನೆನೆಯಿರಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ತಮ್ಮನನ್ನೂ ಹಾಗೆಯೇ ಕಾಣಬಹುದು.

ಅಮ್ಮನನ್ನು ಒತ್ತಾಯಿಸಬೇಡಿ. ಸಭೆ ಯಾವ ದಿನ, ಎಷ್ಟು ಹೊತ್ತಿಗೆ ಎಂದಷ್ಟೇ ತಿಳಿಸಿ, ಪಕ್ಕದಲ್ಲೊಂದು ಕುರ್ಚಿ ಹಾಕಿಟ್ಟಿರಿ.